ಭೂತಗನ್ನಡಿ ಇರುವ ಹೆಬ್ಬೆರಳ ಕಂಪಾಸ್: ಚಾಳೀಸು ಬಂದ ಓರಿಯೆಂಟಿಯರಿಂಗ್ ಓಟಗಾರರಿಗೆ

ನಕ್ಷೆ, ಕಂಪಾಸ್ ಹಿಡಿದು ಕಾಡಿನಲ್ಲಿ ಗುರುತಿನ ತಾಣಗಳನ್ನು ಹುಡುಕುತ್ತಾ ಓಡುವ ಆಟವೇ ಓರಿಯೆಂಟಿಯರಿಂಗ್. ಅದಕ್ಕಾಗಿ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುವ ಕಂಪಾಸಿನ ಮೇಲೆ ಪುಟ್ಟ ಭೂತಗನ್ನಡಿ ಕೂರಿಸಿದ ಮಾದರಿ ಇದು. ಕ್ಲಬ್ಬಿನ ಹಿರಿಯ ಸದಸ್ಯರಿಗೆ ಕೊಂಡ ಹಣಕ್ಕೆ ಮೋಸವಿಲ್ಲ, ಆದರೆ ಎಲ್ಲರಿಗೂ ಬೇಕಿಲ್ಲ.

1:15000 ಅಳತೆಯ ಕಾಡಿನ ನಕ್ಷೆಯಲ್ಲಿ ಕಾಂಟೂರ್ ಗೆರೆಯ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ದಪ್ಪ 0.14 ಮಿ.ಮೀ. ಹಿರಿಯರ ವಿಭಾಗಗಳಿಗೆ ಅದನ್ನೇ ಒಂದೂವರೆ ಪಟ್ಟು ಹಿಗ್ಗಿಸಿ 1:10000ಕ್ಕೆ ಮುದ್ರಿಸುತ್ತಾರೆ. (ವಿಶ್ವ ಮಾಸ್ಟರ್ಸ್ ಚಾಂಪಿಯನ್‌ಷಿಪ್‌ನಲ್ಲಿ 35ಕ್ಕೇ ‘ಹಿರಿಯ’ ಪಟ್ಟ ಸಿಗುತ್ತದೆ!) ಆದರೂ ಮರಗಳ ನೆರಳಲ್ಲಿ ಓಡುತ್ತಾ ತಗ್ಗು ಯಾವುದು, ದಿಬ್ಬ ಯಾವುದು ಎಂದು ತಿಳಿಯುವುದು ಕಷ್ಟವೇ. ಬೈಫೋಕಲ್ ಹಾಕಿದರೆ ನಕ್ಷೆ ಕಾಣುತ್ತದೆ, ಆದರೆ ಇಳಿಜಾರಿನಲ್ಲಿ ಕಾಲ ಬುಡದ ಬೇರು, ಕಲ್ಲು ಮಸುಕಾಗಿ ಮುಗ್ಗರಿಸುತ್ತೀರಿ. ದೂರದ ಕನ್ನಡಕವನ್ನಷ್ಟೇ ಹಾಕಿಕೊಂಡು ನಕ್ಷೆಯನ್ನು ಈ ಗಾಜಿನಲ್ಲಿ ಓದುವುದೇ ಲೇಸು.

ಎರಡು ಪಟ್ಟು ಹಿಗ್ಗಿಸುವ ಗಾಜು ಸಾಕು. ಹೆಚ್ಚಿನದಕ್ಕೆ ಆಸೆಪಟ್ಟರೆ ಕಾಣುವ ಜಾಗ ಕಿರಿದಾಗುತ್ತದೆ. ಮೂರು ಸೆಂ.ಮೀ. ಅಗಲದ ಗಾಜಿನೊಳಗೆ 1:10000ರ ನಕ್ಷೆಯಲ್ಲಿ ಹೆಚ್ಚೆಂದರೆ 300 ಮೀಟರ್ ಕಾಣುತ್ತದೆ. ದಾರಿ ಆರಿಸುವಾಗ ಗಾಜನ್ನು ಪಕ್ಕಕ್ಕೆ ಮಡಚಿ, ಕಂಟ್ರೋಲ್ (ಮುಟ್ಟಬೇಕಾದ ಗುರುತಿನ ತಾಣ) ಹತ್ತಿರ ಬಂದಾಗ ಬಿಚ್ಚಿ. ಕೀಲು ಸಡಿಲವಾಗಿದ್ದರೆ ಓಡುವಾಗ ತಾನೇ ಬಿಚ್ಚಿಕೊಂಡು ಪೊದೆಗೆ ಸಿಕ್ಕುತ್ತದೆ. ಅಂಗಡಿಯಲ್ಲೇ ಕೈ ಕೊಡವಿ ನೋಡಿ.

ಬಳಕೆ ಮಾಮೂಲಿ: ನಕ್ಷೆ ಮಡಚಿ, ಇರುವ ಜಾಗದ ಪಕ್ಕದಲ್ಲಿ ಹೆಬ್ಬೆರಳಿಟ್ಟು, ಫಲಕದ ಅಂಚನ್ನು ಮುಂದಿನ ಕಂಟ್ರೋಲಿನತ್ತ ಹೊಂದಿಸಿ. ಮುಳ್ಳು ನಕ್ಷೆಯ ಉತ್ತರದ ಗೆರೆಗಳಿಗೆ ಸಮಾನಾಂತರವಾಗುವ ತನಕ ನೀವೇ ತಿರುಗಿ. ಆ ಗೆರೆಗಳು ಕಾಂತೀಯ ಉತ್ತರಕ್ಕೇ ಇರುವುದರಿಂದ ನಿಜ ಉತ್ತರದೊಂದಿಗಿನ ವ್ಯತ್ಯಾಸವನ್ನು ಕೂಡಿ ಕಳೆಯುವ ಲೆಕ್ಕವಿಲ್ಲ. ಎಡಗೈ, ಬಲಗೈ ಮಾದರಿಗಳು ಬೇರೆ ಬೇರೆ. ನಕ್ಷೆ ಹಿಡಿಯುವ ಕೈಯದನ್ನು ಕೊಳ್ಳಿ, ಕಂಟ್ರೋಲ್ ಮುಟ್ಟಿದ್ದನ್ನು ದಾಖಲಿಸುವ ಪಂಚಿಂಗ್ ಚಿಪ್ ಇನ್ನೊಂದು ಕೈಗಿರಲಿ.

ಮೊಬೈಲ್ ಜೊತೆ, ಶ್ರವಣ ಸಾಧನದ ಆಯಸ್ಕಾಂತ ಮುಚ್ಚಳದ ಡಬ್ಬಿಯ ಜೊತೆ ಒಂದೇ ಜೇಬಿನಲ್ಲಿ ಇಡಬೇಡಿ. ಮುಳ್ಳಿನ ಧ್ರುವವೇ ಅದಲುಬದಲಾಗಿ ಕೆಂಪು ತುದಿ ದಕ್ಷಿಣ ತೋರಿಸಬಹುದು. ಗಾಜು ಪ್ಲಾಸ್ಟಿಕ್ಕಿನದು, ಕೆಸರನ್ನು ಮೊದಲು ನೀರಲ್ಲಿ ತೊಳೆದು ಆಮೇಲೆ ಒರೆಸಿ.

ಸ್ವೀಡನ್, ಬ್ರಿಟನ್‌ಗಳಲ್ಲಿರುವ ಮಕ್ಕಳಿಂದ ತರಿಸುವವರು ಗಮನಿಸಿ: ಅಲ್ಲಿ ಮುಳ್ಳಿನ ಉತ್ತರದ ತುದಿ ನೆಲದತ್ತ ಜಗ್ಗುತ್ತದೆ, ಅದಕ್ಕೇ ದಕ್ಷಿಣದ ತುದಿಗೆ ತುಸು ತೂಕ ಸೇರಿಸಿರುತ್ತಾರೆ. ಕರ್ನಾಟಕ ಕಾಂತೀಯ ಸಮಭಾಜಕಕ್ಕೆ (ಮುಳ್ಳು ಯಾವ ಕಡೆಗೂ ಜಗ್ಗದ ರೇಖೆ) ಹತ್ತಿರ, ಇಲ್ಲಿ ಆ ಜಗ್ಗು ಕಡಿಮೆ. ಹಾಗಾಗಿ ದಕ್ಷಿಣದ ತುದಿ ಬಾಗಿ ತಳಕ್ಕೆ ಉಜ್ಜಿ, ಓಡುವಾಗ ಮುಳ್ಳು ತಡೆತಡೆದು ತಿರುಗುತ್ತದೆ. ಎಲ್ಲ ವಲಯಗಳಿಗೂ ಹೊಂದುವ ಮುಳ್ಳೇ ಬೇಕೆಂದು ಕೇಳಿ.

ಮೈನಸ್ ಮೂರರ ಆಸುಪಾಸಿನ ಕಣ್ಣಿನವರು ಹಣ ಉಳಿಸಿಕೊಳ್ಳಿ. ಕನ್ನಡಕದ ಕೆಳಗಿಂದ ಇಣುಕಿದರೆ ನಕ್ಷೆ ನಿಮಗೆ ಬರಿಗಣ್ಣಿಗೇ ಸ್ಪಷ್ಟ.