ನಲವತ್ತು ದಾಟಿದ ಮೇಲೆ ಬ್ಯಾಲೆ: ಇಂದಿರಾನಗರದ ಅಡಲ್ಟ್ ಬಿಗಿನರ್ ಬ್ಯಾಚ್ ಹೇಗಿದೆ

ಮೊದಲು ನೆಲದ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಈ ಸ್ಟುಡಿಯೋಗೆ ನಾನು ದುಡ್ಡು ಕಟ್ಟಿದ್ದೇ ಆ ನೆಲ ನೋಡಿ. ಬೆಂಗಳೂರಲ್ಲಿ ಡ್ಯಾನ್ಸ್ ಕ್ಲಾಸ್ ಅಂತ ಬೋರ್ಡ್ ಹಾಕಿರೋ ಎಷ್ಟೋ ಕಡೆ ಕೆಳಗಿರೋದು ವಿಟ್ರಿಫೈಡ್ ಟೈಲ್ಸು, ಇಲ್ಲಾ ಗ್ರಾನೈಟು, ಅದರ ಮೇಲೊಂದು ತೆಳ್ಳಗಿನ ಮ್ಯಾಟ್ ಅಂಟಿಸಿ "ವುಡನ್ ಫ್ಲೋರಿಂಗ್ ಮೇಡಂ" ಅಂತಾರೆ. ಬ್ಯಾಲೇಲಿ ಎಗರೋದು ಜಾಸ್ತಿ, ಕ್ಲಾಸಿನ ಕೊನೇ ಭಾಗ ಪೂರ್ತಿ ಎಗರೋದೇ, ಟೈಲ್ಸ್ ಮೇಲೆ ಅದನ್ನ ವಾರವಾರ ಮಾಡಿದ್ರೆ ಏಟೆಲ್ಲಾ ನೇರ ಕಣಕಾಲಿಗೆ, ಮಂಡಿಗೆ. ಇಪ್ಪತ್ತರಲ್ಲಿ ದೇಹ ತಡ್ಕೊಳ್ಳತ್ತೆ, ನಲವತ್ತೆರಡರಲ್ಲಿ ಲೆಕ್ಕ ಕೇಳತ್ತೆ. ಇಲ್ಲಿ ನಿಜವಾದ ಸ್ಪ್ರಂಗ್ ಫ್ಲೋರ್ ಇದೆ, ಅಂದ್ರೆ ಅಡಿಯಲ್ಲಿ ಫೋಮ್ ತುಂಡುಗಳು, ಅದರ ಮೇಲೆ ಮರದ ಪಟ್ಟಿ, ಮೇಲೆ ಪ್ಲೈವುಡ್ಡು, ಎಲ್ಲದರ ಮೇಲೆ ಬೂದು ಬಣ್ಣದ ವಿನೈಲ್ ಶೀಟು. ಗೊತ್ತಾಗಬೇಕಂದ್ರೆ ರೂಮಿನ ಮಧ್ಯ ನಿಂತ್ಕೊಂಡು ಹಿಮ್ಮಡಿ ಎರಡೂ ಎತ್ತಿ ಧಪ್ ಅಂತ ಬಿಡಿ. ಟೈಲ್ಸ್ ಆಗಿದ್ರೆ ತಲೆ ತನಕ ಝುಂ ಅನ್ನತ್ತೆ, ಇಲ್ಲಿ ನೆಲಾನೇ ಒಂಚೂರು ಕೆಳಗೆ ಹೋಗಿ ಬರತ್ತೆ. ಯಾವ ಸ್ಟುಡಿಯೋಗೇ ಹೋಗಿ, ಫೀಸ್ ಎಷ್ಟು ಅಂತ ಕೇಳೋಕೆ ಮುಂಚೆ ಇದನ್ನ ಮಾಡಿ ನೋಡಿ, ಅವರೇನಾದ್ರೂ ಅಂದ್ಕೊಳ್ಳಲಿ.

ಈಗ ನಾನು ಯಾರು ಅಂತ ಒಂದೆರಡು ಮಾತು, ಇಲ್ದಿದ್ರೆ ರಿವ್ಯೂ ಯಾರಿಗೆ ಉಪಯೋಗ ಅಂತ ಗೊತ್ತಾಗಲ್ಲ. ಬ್ಯಾಂಕ್ ಕೆಲಸ, ದಿನಾ ಕೂತೇ ಇರೋದು, ಹಾಸನದಲ್ಲಿ ಸ್ಕೂಲಲ್ಲಿದ್ದಾಗ ಭರತನಾಟ್ಯ ಜೂನಿಯರ್ ಪರೀಕ್ಷೆ ತನಕ ಕಲ್ತಿದ್ದೆ, ಆಮೇಲೆ ಪಿಯುಸಿ ಬಂತು, ಗೆಜ್ಜೆ ಅಟ್ಟ ಸೇರ್ತು. ಬ್ಯಾಲೆ ಬಗ್ಗೆ ಆಸೆ ಯಾವಾಗ್ಲೂ ಇತ್ತು ಆದ್ರೆ ಅದು ಐದು ವರ್ಷದ ಮಕ್ಕಳಿಗೆ ಅಂತ ಎಲ್ಲರ ಹಾಗೆ ನಾನೂ ಅಂದ್ಕೊಂಡಿದ್ದೆ. ಮೊದಲ ದಿನ ರಿಸೆಪ್ಷನ್ ಹುಡುಗಿ ಕೂಡ "ಮಗೂಗೆ ಎಷ್ಟು ವರ್ಷ ಮೇಡಂ?" ಅಂತಾನೇ ಕೇಳಿದ್ಳು, ನಲವತ್ತೆರಡು ಅಂದೆ, ಪಾಪ ಬರ್ಕೊಂಡೂ ಬಿಟ್ಳು.

ಬ್ಯಾಚ್ ಶನಿವಾರ ಭಾನುವಾರ ಬೆಳಗ್ಗೆ ಏಳೂವರೆಗೆ, ಒಂದೂಕಾಲು ಗಂಟೆ. ಕ್ಲಾಸಿನ ಕ್ರಮ ಪ್ರಪಂಚದಲ್ಲಿ ಎಲ್ಲಿ ಹೋದ್ರೂ ಹೆಚ್ಚುಕಮ್ಮಿ ಒಂದೇ: ಮೊದಲರ್ಧ ಗೋಡೆ ಪಕ್ಕದ ಬಾರ್ ಅನ್ನೋ ಕಂಬಿ ಹಿಡ್ಕೊಂಡು, ಮಂಡಿ ಬಗ್ಗಿಸೋ ಪ್ಲಿಯೇ, ತಾಂದ್ಯು, ರಾನ್ ದ ಜಾಂಬ್, ಫ್ರಾಪೆ, ಕೊನೆಗೆ ಕಾಲು ಮೇಲೆತ್ತೋ ಗ್ರಾಂ ಬಾತ್ಮಾ, ಎಲ್ಲಾ ಬಲಕ್ಕೊಂದ್ಸಲ ಎಡಕ್ಕೊಂದ್ಸಲ. ಆಮೇಲೆ ಬಾರ್ ಬಿಟ್ಟು ಮಧ್ಯಕ್ಕೆ ಬಂದು ಕೈ ಚಲನೆ, ತಿರುಗೋದು, ಎಗರೋದು, ಕೊನೆಗೆ ರೆವರಾನ್ಸ್ ಅಂತ ಟೀಚರ್‌ಗೆ ನಮಸ್ಕಾರ. ಹೆಸರೆಲ್ಲಾ ಫ್ರೆಂಚು, ಹದಿನಾಲ್ಕನೇ ಲೂಯಿ 1661ರಲ್ಲಿ ಪ್ಯಾರಿಸ್ಸಲ್ಲಿ ಡ್ಯಾನ್ಸ್ ಅಕಾಡೆಮಿ ಶುರು ಮಾಡಿಸಿದ, ಆ ಕಾಲದ, ಪಾದ ಇಡೋ ಐದು ಪೊಸಿಷನ್‌ನೇ ಇವತ್ತಿಗೂ ನಾವು ಇಂದಿರಾನಗರದಲ್ಲಿ ನಿಂತು ಮಾಡ್ತಿರೋದು. ಒಂದು ತಿಂಗಳಲ್ಲಿ ಹೆಸರುಗಳು ಕಿವಿಗೆ ಕೂರ್ತವೆ, ಅದಕ್ಕೆ ಹೆದರ್ಕೋಬೇಡಿ. ಕಾಲು ಕೇಳೋಕೆ ಜಾಸ್ತಿ ದಿನ ತಗೊಳ್ಳತ್ತೆ.

ಭರತನಾಟ್ಯ ಕಲ್ತೋರಿಗೆ ಸುಲಭ ಆಗತ್ತಾ ಅಂತ ತುಂಬಾ ಜನ ಕೇಳಿದ್ರು. ಅರ್ಧ ಹೌದು, ಅರ್ಧ ಉಲ್ಟಾ. ಅರಮಂಡಿ ಕೂತು ಅಭ್ಯಾಸ ಇರೋದ್ರಿಂದ ಪ್ಲಿಯೇ ಹೊಸದು ಅನ್ನಿಸಲ್ಲ, ಬೆನ್ನು ನೆಟ್ಟಗೆ, ಮಂಡಿ ಆಚೆ ಕಡೆ, ಅದೆಲ್ಲಾ ದೇಹಕ್ಕೆ ನೆನಪಿದೆ. ಆದ್ರೆ ಅಲ್ಲಿ ಕಾಲು ನೆಲಕ್ಕೆ ಬಿದ್ದಾಗ ಸದ್ದು ಬರ್ಬೇಕು, ಸದ್ದು ಬರ್ಲಿಲ್ಲ ಅಂದ್ರೆ ನಮ್ಮ ಹಾಸನದ ಮಿಸ್ ತಟ್ಟುಕೋಲಲ್ಲಿ ಮಣೆ ಕುಟ್ತಿದ್ರು, ಇಲ್ಲಿ ಎಗರಿ ಇಳಿದ್ರೆ ಸದ್ದೇ ಬರಬಾರ್ದು, ಬೆರಳು, ಪಾದ, ಆಮೇಲೆ ಹಿಮ್ಮಡಿ, ಹೀಗೆ ಒಂದೊಂದಾಗಿ ಇಳಿಸ್ಬೇಕು. ನಾನು ಇಳಿದಾಗ ಮಾತ್ರ ಕೆಳಗಿನ ಮಹಡಿಯ ಡೆಂಟಿಸ್ಟಿಗೆ ಗೊತ್ತಾಗತ್ತೆ. ತಾಳಾನೂ ಹಾಗೇ, ನಮ್ಮಲ್ಲಿ ಕಾಲು ಕೆಳಗೆ ಬೀಳೋದು ಲೆಕ್ಕ, ಇಲ್ಲಿ ಎಷ್ಟೋ ಕಡೆ ಮೇಲೆ ಹೋಗೋದು ಲೆಕ್ಕ. ಅಂದ ಹಾಗೆ ರುಕ್ಮಿಣಿದೇವಿ ಅರುಂಡೇಲ್ ಭರತನಾಟ್ಯಕ್ಕೆ ಬರೋಕೆ ಮುಂಚೆ ಬ್ಯಾಲೆ ಕಲ್ತಿದ್ದು, ರಷ್ಯಾದ ಹೆಸರಾಂತ ಬ್ಯಾಲೆ ಕಲಾವಿದೆ ಅನ್ನಾ ಪಾವ್ಲೋವಾ ತಂಡದ ಕ್ಲಿಯೋ ನಾರ್ಡಿ ಹತ್ರ, ನಿಮ್ಮ ದೇಶದ ನೃತ್ಯದ ಕಡೆ ನೋಡಿ ಅಂತ ಅವರಿಗೆ ಹೇಳಿದ್ದೂ ಪಾವ್ಲೋವಾನೇ, 1936ರಲ್ಲಿ ಅವರ ನೃತ್ಯ ಶಾಲೆ ಕಲಾಕ್ಷೇತ್ರ ಶುರುವಾಗಿದ್ದು ಅದಾದ ಮೇಲೆ. "ನಮ್ಮದನ್ನ ಬಿಟ್ಟು ಅದೆಲ್ಲಾ ಯಾಕೆ" ಅಂತ ಕೇಳಿದ ದೊಡ್ಡಮ್ಮನಿಗೆ ಇದನ್ನ ಹೇಳಿದೆ, ಅವರು ಕಾಫಿ ತಣ್ಣಗಾಗ್ತಿದೆ ಕುಡಿ ಅಂದ್ರು.

ಟೀಚರ್ ಬಗ್ಗೆ. ಹುಡುಗಿಗೆ ಮೂವತ್ತೂ ಆಗಿಲ್ಲ, ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸ್ ಪದ್ಧತೀಲಿ ಕಲ್ತೋರು. ಪೂರ್ತಿ ಫೈವ್ ಸ್ಟಾರ್ ಕೊಡ್ತೀನಿ ಇವರಿಗೆ, ಒಂದು ಕಾರಣಕ್ಕೆ. ಮೊದಮೊದಲು ನಾವೆಲ್ಲಾ ಫಸ್ಟ್ ಪೊಸಿಷನ್ ಅಂದ್ರೆ ಪಾದ ಎರಡೂ ಒಂದೇ ಗೆರೇಲಿ ಆಚೆ ತಿರುಗಿಸಬೇಕು ಅಂತ ಜಿದ್ದಿಗೆ ಬಿದ್ದು ತಿರುಗಿಸ್ತಿದ್ವಿ, ವಿಡಿಯೋಗಳಲ್ಲಿ ಹಾಗೇ ಕಾಣತ್ತಲ್ಲ. ಇವರು ಬಂದು ಪಕ್ಕದಲ್ಲಿ ಕೂತ್ಕೊಂಡು "ಅಕ್ಕ, ಮಂಡಿ ಎಲ್ಲಿ ನೋಡ್ತಿದೆ, ಕಾಲ್ಬೆರಳು ಎಲ್ಲಿ ನೋಡ್ತಿದೆ, ನೀವೇ ನೋಡ್ಕೊಳ್ಳಿ" ಅಂದ್ರು. ಬೆರಳು ಗೋಡೆ ಕಡೆ, ಮಂಡಿ ಕನ್ನಡಿ ಕಡೆ. ಆ ಸ್ಥಿತೀಲಿ ಬಗ್ಗಿದ್ರೆ ತಿರುಚೋದು ಮಂಡಿ ಒಳಗೇನೇ. ತಿರುಗೋದು ಸೊಂಟದ ಕೀಲಲ್ಲಿ, ತೊಡೆಮೂಳೆ ಎಷ್ಟು ಬಿಡತ್ತೋ ಅಷ್ಟೇ, ಕೆಲವರಿಗೆ ಆ ಕೀಲು ಇರೋದೇ ಜಾಸ್ತಿ ತಿರುಗದ ಹಾಗೆ, ಅದಕ್ಕೆ ಯಾರೂ ಏನೂ ಮಾಡಕ್ಕಾಗಲ್ಲ. ನನ್ನ ಪಾದ ಎರಡನ್ನೂ ಕೈಯಲ್ಲಿ ಹಿಡ್ದು ಒಳಕ್ಕೆ ತಂದು, ಸುಮಾರು ಇಂಗ್ಲಿಷ್ ವಿ ಅಕ್ಷರದಷ್ಟು ಬಿಟ್ಟು, "ಇದು ನಿಮ್ಮ ಫಸ್ಟ್ ಪೊಸಿಷನ್, ಪಕ್ಕದೋರದ್ದು ನೋಡ್ಬೇಡಿ" ಅಂದ್ರು. ಅವತ್ತಿಂದ ಮಂಡಿ ನೋವು ಅಂತ ಒಂದು ದಿನ ಮಾತ್ರೆ ತಗೊಂಡಿಲ್ಲ. ದೊಡ್ಡೋರಿಗೆ ಕಲಿಸೋದು ಅಂದ್ರೆ ಇದು. ಇದಕ್ಕೆ ಮುಂಚೆ ಬೇರೆ ಕಡೆ ಟ್ರಯಲ್‌ಗೆ ಹೋಗಿದ್ದೆ, ಅಲ್ಲಿ ಟೀಚರ್ ಮುಂದೆ ನಿಂತು ತಾವು ಮಾಡ್ತಾ ಹೋದ್ರು, ನಾವು ಹಿಂದೆ ಏನೋ ಮಾಡಿದ್ವಿ, ಕೊನೆಗೆ ಎಲ್ಲರೂ "ಸೂಪರ್ ಸೂಪರ್" ಅಂತ ಚಪ್ಪಾಳೆ ಹೊಡ್ಕೊಂಡು ಫೋಟೋ ತೆಗೆಸ್ಕೊಂಡ್ವಿ. ದೊಡ್ಡೋರು ದುಡ್ಡು ಕೊಡ್ತಾರೆ, ಖುಷಿಯಾಗಿ ಕಳಿಸಿದ್ರೆ ಸಾಕು ಅನ್ನೋ ಲೆಕ್ಕ ಅದು. ನನಗೆ ತಿದ್ದೋರು ಬೇಕು.

ಪಾಯಿಂಟ್ ಶೂ, ಅಂದ್ರೆ ಕಾಲ್ಬೆರಳ ತುದಿ ಮೇಲೆ ನಿಲ್ಲೋಕೆ ಹಾಕೋ ಶೂ, ಅದರ ವಿಷಯದಲ್ಲೂ ಇವರು ಕಡ್ಡಿ ಮುರಿದ ಹಾಗೆ ಹೇಳ್ತಾರೆ. ಬ್ಯಾಚಿನ ಒಬ್ಬಳು ಆಗ್ಲೇ ಆನ್‌ಲೈನಲ್ಲಿ ತರಿಸಿ ಬ್ಯಾಗಲ್ಲಿ ಇಟ್ಕೊಂಡು ಬಂದಿದ್ಳು, ಸ್ಯಾಟಿನ್ನು, ರಿಬ್ಬನ್ನು, ನೋಡೋಕೆ ಚೆಂದವೋ ಚೆಂದ. ಟೀಚರ್ ಅದನ್ನ ತಗೊಂಡು ತುದಿ ಮೇಜಿಗೆ ಕುಟ್ಟಿ ತೋರಿಸಿದ್ರು, ಮರದ ಸದ್ದು. ಒಳಗೆ ಮರ ಇಲ್ಲ, ಬಟ್ಟೆ, ಕಾಗದ, ಅಂಟು ಪದರ ಪದರವಾಗಿ ಒಣಗಿಸಿರೋ ಡಬ್ಬಿ, ಅಡಿಯಲ್ಲಿ ಶ್ಯಾಂಕು ಅನ್ನೋ ಗಟ್ಟಿ ಪಟ್ಟಿ. ಅದು ಪಾದಕ್ಕೆ ಅಳತೆ ನೋಡಿ ಹಾಕ್ಕೊಳ್ಳೋ ವಸ್ತು, ಒಂದು ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸೋದನ್ನ ಅಲುಗಾಡದೆ ಮಾಡಕ್ಕೆ ಬರೋ ತನಕ ಮುಟ್ಟೋ ಹಾಗಿಲ್ಲ, ಅಲ್ಲಿ ತನಕ ಮನೆಯಲ್ಲೂ ಹಾಕಿ ನೋಡ್ಬೇಡಿ ಅಂದ್ರು. ಹುಡುಗಿ ಮುಖ ಸಣ್ಣದಾಯ್ತು, ಆದ್ರೆ ಅದೇ ಸರಿ. ಮೂರು ತಿಂಗಳಲ್ಲಿ ಪಾಯಿಂಟ್ ಕಲಿಸ್ತೀವಿ ಅಂತ ಯಾರಾದ್ರೂ ಅಂದ್ರೆ ಮೆಟ್ಟಿಲು ಇಳ್ದು ವಾಪಸ್ ಬಂದ್ಬಿಡಿ.

ನಮಗೆ ಬೇಕಿರೋದು ಮೆತ್ತಗಿನ ಶೂ. ಕ್ಯಾನ್ವಾಸು, ಸ್ಪ್ಲಿಟ್ ಸೋಲು ಅಂದ್ರೆ ಅಡಿ ಎರಡು ತುಂಡಾಗಿರೋದು, ಸಾವಿರ ರೂಪಾಯಿ ಒಳಗೆ ಸಿಕ್ತು. ಒಂದ್ ಸೈಜ್ ದೊಡ್ಡದು ತಗೊಳ್ಳೋ ನಮ್ಮ ಮನೆ ಅಭ್ಯಾಸ ಇಲ್ಲಿ ನಡೆಯಲ್ಲ, ಕಾಲುಚೀಲದ ಹಾಗೆ ಕೂರ್ಬೇಕು. ಎಲಾಸ್ಟಿಕ್ ಹೊಲಿದೇ ಬರಲ್ಲ, ಹಿಮ್ಮಡಿ ಭಾಗ ಒಳಕ್ಕೆ ಮಡಚಿದಾಗ ಮಡಿಕೆ ಎಲ್ಲಿ ಬರತ್ತೋ ಅಲ್ಲಿ ನಾವೇ ಹೊಲ್ಕೋಬೇಕು, ದಾರ ಒಳಗೆ ಸಿಕ್ಕಿಸಿ ಬಚ್ಚಿಡ್ಬೇಕು. ಬಟ್ಟೆಗೆ ಲಿಯೋಟಾರ್ಡ್ ಅನ್ನೋ ಮೈಗಂಟೋ ಒಂದೇ ತುಂಡಿನ ಉಡುಪೇ ಬೇಕು ಅಂತೇನಿಲ್ಲ, ಲೆಗ್ಗಿಂಗ್ಸು ಮೈಗಂಟೋ ಟೀ ಶರ್ಟು ಸಾಕು. ಸಡಿಲ ಕುರ್ತಾ ಹಾಕ್ಕೊಂಡು ಬಂದ್ರೆ ಮಾತ್ರ ಮಂಡಿ ಕಾಣಲ್ಲ ಅಂತ ಒಳಗೆ ಬಿಡಲ್ಲ. ಗಂಡಸರು ಬರ್ತಾರಾ ಅಂದ್ರೆ, ಬರ್ತಾರೆ, ನಮ್ಮ ಬ್ಯಾಚಲ್ಲೇ ಇಬ್ಬರಿದ್ದಾರೆ, ಟ್ರ್ಯಾಕ್ ಪ್ಯಾಂಟಲ್ಲೇ ಮಾಡ್ತಾರೆ, ಎಗರೋದ್ರಲ್ಲಿ ನಮ್ಮೆಲ್ಲರಿಗಿಂತ ಮೇಲೆ.

ಇನ್ನು ಬೈಯ್ಯೋ ಭಾಗ.

ಬಿಗಿನರ್ ಬ್ಯಾಚ್ ಅಂತ ಹೇಳಿ ಸೇರಿಸ್ಕೊಳ್ತಾರೆ, ಒಂದಷ್ಟು ದಿನ ಕಳೆದು ಜನ ಕಮ್ಮಿ ಆದ ತಕ್ಷಣ ಇಂಟರ್‌ಮೀಡಿಯೆಟ್ ಜೊತೆ ಒಂದೇ ರೂಮಿಗೆ ಹಾಕ್ತಾರೆ. ನಮ್ಮ ಕೈ ಹಿಡ್ದು ತಿದ್ದೋ ಅದೇ ಟೀಚರ್‌ಗೆ ಆಗ ಎರಡು ಕಡೆ ಗಮನ, ಅವರಿಗೆ ಡಬಲ್ ಪಿರುಯೆಟ್, ಅಂದ್ರೆ ಒಂದೇ ಕಾಲಲ್ಲಿ ಎರಡು ಸುತ್ತು, ಹೇಳ್ಕೊಡ್ಬೇಕು, ನಮಗೆ ಕ್ವಾರ್ಟರ್ ಟರ್ನು. ಟೀಚರ್ ತಪ್ಪಲ್ಲ, ಮ್ಯಾನೇಜ್‌ಮೆಂಟ್ ತಪ್ಪು, ನಾವು ಬರೆದು ಕೊಟ್ವಿ, "ನೋಡ್ತೀವಿ" ಅಂದ್ರು, ಇನ್ನೂ ನೋಡ್ತಾನೇ ಇದ್ದಾರೆ. ಟೀಚರ್ ರಜ ಹಾಕಿದಾಗ ಇನ್ನೊಬ್ಬರು ಬರ್ತಾರೆ, ಅವರು ರಷ್ಯಾದ ವಗಾನೋವಾ ಪದ್ಧತಿಯೋರು. ಒಳ್ಳೇ ಡ್ಯಾನ್ಸರ್ರೇ, ಆದ್ರೆ ಕೈಯನ್ನ ತಲೆ ಮೇಲೆ ಗೋಲಾಗಿ ಎತ್ತೋದು ನಮ್ಮ ಮಿಸ್‌ಗೆ ಐದನೇ ಪೊಸಿಷನ್, ಇವರಿಗೆ ಮೂರನೇದು. ಇವರು "ಥರ್ಡ್" ಅಂದ್ರು, ಅರ್ಧ ಕ್ಲಾಸು ಒಂದು ಕೈ ಮುಂದೆ ಇನ್ನೊಂದು ಪಕ್ಕಕ್ಕೆ ಚಾಚಿ ನಿಂತಿದೆ, ಇನ್ನರ್ಧ ಎರಡೂ ಕೈ ಮೇಲೆತ್ತಿದೆ, ಒಬ್ಬರ ಕೈ ಇನ್ನೊಬ್ಬರ ಮೂಗಿಗೆ. ಕ್ಲಾಸ್ ಶುರುವಾಗೋಕೆ ಮುಂಚೆ ಎರಡು ನಿಮಿಷ ಮಾತಾಡ್ಕೊಂಡಿದ್ರೆ ತೀರ್ತಿತ್ತು.

ಆಮೇಲೆ ವರ್ಷದ ಶೋ. ಮಕ್ಕಳ ಜೊತೆ ಅಡಲ್ಟ್ ಬ್ಯಾಚೂ ಸ್ಟೇಜ್ ಹತ್ತಬೇಕು ಅಂತ ಒತ್ತಾಯ, ಬೇಡ ಅಂದೋರನ್ನ ಯಾಕೆ ಏನು ಅಂತ ವಾರವಾರ ಕೇಳ್ತಾರೆ, ಶೋಗೆ ಮುಂಚಿನ ತಿಂಗಳು ಪೂರ್ತಿ ಬಾರ್ ಕೆಲಸ ಬಿಟ್ಟು ಅದೊಂದೇ ಡ್ಯಾನ್ಸ್ ಉಜ್ಜಿಸ್ತಾರೆ, ಕಾಸ್ಟ್ಯೂಮ್ ದುಡ್ಡು ಬೇರೆ. ನಾನು ಕಲಿಯೋಕೆ ಬಂದಿರೋದು, ಸ್ಟೇಜ್ ಹತ್ತೋಕಲ್ಲ ಅಂತ ನೇರವಾಗಿ ಹೇಳಿದೆ, ಆ ತಿಂಗಳ ಫೀಸ್ ಮಾತ್ರ ಬಿಡಲಿಲ್ಲ. ಬಟ್ಟೆ ಬದಲಾಯಿಸೋ ರೂಮು ಒಂದೇ, ಹಿಂದಿನ ಬ್ಯಾಚಿನ ಮಕ್ಕಳು, ಅವರ ಅಮ್ಮಂದಿರು, ಹೇರ್‌ಪಿನ್ನು, ನಾವು, ಎಲ್ಲಾ ಅದರೊಳಗೇ, ಮನೆಯಿಂದಲೇ ಹಾಕ್ಕೊಂಡು ಹೋಗೋದು ವಾಸಿ. ಎಸಿ ಹದಿನೆಂಟಕ್ಕೆ ಇಡ್ತಾರೆ, ಬೆಳಗ್ಗೆ ಏಳೂವರೆಗೆ ಬೆಂಗಳೂರಲ್ಲಿ ಎಸಿ ಯಾಕೆ ಬೇಕು ನನಗಂತೂ ಅರ್ಥ ಆಗಿಲ್ಲ, ಮೈ ಬಿಸಿಯಾಗೋ ತನಕ ಆರಿಸಿ ಅಂತ ಹೇಳಿ, ಹೇಳಿದ್ರೆ ಆರಿಸ್ತಾರೆ.

ಉಪಯೋಗ ಏನಾಯ್ತು ಅಂದ್ರೆ, ತೂಕ ಇಳಿದಿಲ್ಲ, ಅದಕ್ಕೋಸ್ಕರ ಸೇರೋದಾದ್ರೆ ಬೇರೆ ಏನಾದ್ರೂ ಮಾಡಿ. ಪಾದದ ಸಣ್ಣ ಸಣ್ಣ ಸ್ನಾಯು, ಹಿಮ್ಮಡಿ ಮೇಲಿನ ಮೀನಖಂಡ, ಇವು ಗಟ್ಟಿಯಾಗಿವೆ, ಮೆಟ್ರೋದಲ್ಲಿ ವಿಜಯನಗರದಿಂದ ಇಂದಿರಾನಗರದ ತನಕ ಕಂಬಿ ಹಿಡೀದೇ ನಿಂತ್ಕೊಳ್ತೀನಿ. ಕೌಂಟರಲ್ಲಿ ಕೂರೋವಾಗ ಬೆನ್ನು ತಾನಾಗೇ ನೆಟ್ಟಗಾಗತ್ತೆ, ಮ್ಯಾನೇಜರ್ ಸಾರ್ "ಏನ್ರೀ ಇನ್ಸ್‌ಪೆಕ್ಷನ್ ಇದ್ಯಾ ಇವತ್ತು" ಅಂತ ಕೇಳಿದ್ರು. ಮಂಡಿ ಆಪರೇಷನ್ ಆಗಿರೋರು, ಬೆನ್ನಲ್ಲಿ ಡಿಸ್ಕ್ ತೊಂದರೆ ಇರೋರು ಡಾಕ್ಟರ್ ಕೇಳಿ ಬನ್ನಿ, ಟೀಚರ್‌ಗೂ ಮೊದಲೇ ಹೇಳಿ, ಅವರು ಎಗರೋದು ಬಿಟ್ಟು ಬೇರೆ ಕೊಡ್ತಾರೆ. ಲಂಡನ್ನಿನ ಅದೇ ಅಕಾಡೆಮಿ 55 ದಾಟಿದೋರಿಗೇ ಅಂತ ಸಿಲ್ವರ್ ಸ್ವಾನ್ಸ್ ಅನ್ನೋ ಕ್ಲಾಸು ನಡೆಸತ್ತೆ, ಹಾಗಾಗಿ ವಯಸ್ಸಾಯ್ತು ಅನ್ನೋ ನೆಪ ನಡೆಯಲ್ಲ, ಇಲ್ಲೂ ಅಂಥದ್ದೊಂದು ಬ್ಯಾಚ್ ಮಾಡಿ ಅಂತ ಕೇಳಿದ್ದೀವಿ.

ಫೀಸು ತಿಂಗಳಿಗೆ 4,800, ಎಂಟು ಕ್ಲಾಸು, ತಪ್ಪಿದ ಕ್ಲಾಸ್ ಮುಂದಿನ ತಿಂಗಳಿಗೆ ಹೋಗಲ್ಲ. ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿ ಡಿಸ್ಕೌಂಟ್ ಕೊಡ್ತೀವಿ ಅಂತಾರೆ, ಕಟ್ಬೇಡಿ, ಬ್ಯಾಚ್ ಸೇರಿಸೋ ವಿಷಯ ಸರಿ ಹೋಗೋ ತನಕ ತಿಂಗಳು ತಿಂಗಳೇ ಕಟ್ಟಿ. ಟೀಚರ್‌ಗೆ ಮತ್ತೆ ನೆಲಕ್ಕೆ ಐದು, ಮಿಕ್ಕಿದ್ದಕ್ಕೆ ಎರಡು, ಒಟ್ಟು ನಾಲ್ಕು ಸ್ಟಾರ್ ಹಾಕಿದ್ದೀನಿ. ಟ್ರಯಲ್ ಕ್ಲಾಸಿಗೆ 600 ತಗೋತಾರೆ, ಸೇರಿದ್ರೆ ಅದನ್ನ ಮೊದಲ ತಿಂಗಳ ಫೀಸಲ್ಲಿ ಕಳೀತಾರೆ, ಆದ್ರೆ ತಾವಾಗೇ ಹೇಳಲ್ಲ, ರಸೀದಿ ಇಟ್ಕೊಂಡು ಕೇಳಿ ಕಳೆಸ್ಕೊಳ್ಳಿ.