ಗಾಂಧಿನಗರದ ಮೂರನೇ ಮಹಡಿಯ ವಕೀಲರ ಕಚೇರಿ: ಅಮೆರಿಕದ ಜೈಲಿನ ಕೇಸಿಗೂ ದಾರಿ ತೋರಿಸಿದರು

ಹೆಸರು ಬರೆಯುತ್ತಿಲ್ಲ. ನಮ್ಮಲ್ಲಿ ವಕೀಲರು ಜಾಹೀರಾತು ಕೊಡುವಂತಿಲ್ಲ, ಹೆಸರು ಹಾಕಬೇಡಿ ಎಂದು ಅವರೇ ಹೇಳಿದರು. ಆದರೂ ಅವರ ಕೆಲಸದ ಬಗ್ಗೆ ಬರೆಯಲೇಬೇಕು.

ನನ್ನ ಅಕ್ಕನ ಮಗ ಕ್ಯಾಲಿಫೋರ್ನಿಯಾದ ಜೈಲಿನಲ್ಲಿದ್ದಾನೆ. ಶಿಕ್ಷೆ ಆಗಿದ್ದು ಸ್ಯಾನ್ ಹೋಸೆ ಇರುವ ಸಾಂತಾ ಕ್ಲಾರಾ ಕೌಂಟಿಯಲ್ಲಿ, ಅವನನ್ನು ಇಟ್ಟಿರುವುದು ದೂರದ ಕರ್ನ್ ಕೌಂಟಿಯಲ್ಲಿ. ಅಪೀಲು ಎಲ್ಲ ಮುಗಿದು ಆ ರಾಜ್ಯದ ಸುಪ್ರೀಂ ಕೋರ್ಟೂ ಇಲ್ಲ ಅಂದ ಮೇಲೆ ಉಳಿದಿದ್ದು ಫೆಡರಲ್ ಕೋರ್ಟಿನ (ಅಮೆರಿಕದ ಕೇಂದ್ರ ಸರ್ಕಾರದ ಕೋರ್ಟು) ಹೇಬಿಯಸ್ ಕಾರ್ಪಸ್ ಅರ್ಜಿ ಒಂದೇ, ಅಂದರೆ ಈ ಬಂಧನವೇ ಕಾನೂನಿಗೆ ವಿರುದ್ಧ ಅಂತ ಹೇಳುವ ಅರ್ಜಿ. ಅಲ್ಲಿಂದ ಕಾಗದ ಬಂದಾಗಲೆಲ್ಲ ಬನಶಂಕರಿಯಿಂದ ಅಕ್ಕನ ಫೋನ್ ಬರುತ್ತಿತ್ತು, ಅರ್ಧ ಮಾತು, ಅರ್ಧ ಅಳು.

ಮೊದಲು ನಾವು ಆನ್‌ಲೈನ್ ಏಜೆನ್ಸಿಯೊಂದಕ್ಕೆ ನಲವತ್ತು ಸಾವಿರ ಕೊಟ್ಟು ಅರ್ಜಿ ಬರೆಸಿದ್ದೆವು. ನೋಡಲು ಚೆನ್ನಾಗಿತ್ತು, ದಪ್ಪ ಫೈಲು, ಬಣ್ಣದ ಹೊದಿಕೆ. ಅದನ್ನು ಹುಡುಗನಿಗೆ ಕಳಿಸುವ ಮುಂಚೆ ಒಬ್ಬರಾದರೂ ಓದಲಿ ಅಂತ ಈ ಕಚೇರಿಗೆ ಹೋದೆ. ವಕೀಲರು ಮೊದಲೇ ಹೇಳಿದರು: "ಅಮೆರಿಕದಲ್ಲಿ ವಕಾಲತ್ತು ಹಾಕೋಕೆ ನನಗೆ ಆಗಲ್ಲ. ಓದಿ ಅರ್ಥ ಹೇಳ್ತೀನಿ, ಅಷ್ಟೇ." ಆ ಒಂದು ಮಾತಿಗೇ ನನಗೆ ನಂಬಿಕೆ ಬಂತು.

ಮೊದಲ ಪುಟದಲ್ಲೇ ಬೆರಳಿಟ್ಟರು. ಅರ್ಜಿ ಲಾಸ್ ಏಂಜಲೀಸ್‌ನ ಫೆಡರಲ್ ಕೋರ್ಟಿಗೆ ಅಂತ ಬರೆದಿತ್ತು. ಒಂದು ಬಿಳಿ ಹಾಳೆ ಎಳೆದುಕೊಂಡು ಎರಡು ಸುತ್ತು ಹಾಕಿದರು, ಒಂದರಲ್ಲಿ "ಶಿಕ್ಷೆ ಆದ ಜಾಗ", ಇನ್ನೊಂದರಲ್ಲಿ "ಈಗ ಇರುವ ಜಾಗ". ಕ್ಯಾಲಿಫೋರ್ನಿಯಾದಲ್ಲಿ ಫೆಡರಲ್ ಜಿಲ್ಲೆ, ಅಂದರೆ ಹಲವು ಕೌಂಟಿ ಸೇರಿದ ಫೆಡರಲ್ ಕೋರ್ಟಿನ ವ್ಯಾಪ್ತಿ, 4 ಇವೆ. ರಾಜ್ಯದ ಕೈದಿ ಈ ಎರಡು ಸುತ್ತಿನಲ್ಲಿ ಯಾವುದಾದರೂ ಒಂದರ ಜಿಲ್ಲಾ ಕೋರ್ಟಿಗೆ ಹೋಗಬಹುದು, ಮೂರನೇ ಕಡೆಗೆ ಹೋಗುವಂತಿಲ್ಲ. ಸಾಂತಾ ಕ್ಲಾರಾ ಉತ್ತರ ಜಿಲ್ಲೆಗೆ ಸೇರುತ್ತದೆ, ಕರ್ನ್ ಪೂರ್ವ ಜಿಲ್ಲೆಗೆ. ಲಾಸ್ ಏಂಜಲೀಸ್ ಎರಡೂ ಅಲ್ಲ! ಶಿಕ್ಷೆಯೇ ತಪ್ಪು ಅನ್ನುವ ಅರ್ಜಿಯಾದರೆ ಅಲ್ಲಿಯ ಕೋರ್ಟುಗಳು ಸಾಮಾನ್ಯವಾಗಿ ಶಿಕ್ಷೆ ಆದ ಜಿಲ್ಲೆಗೇ ಕಳಿಸುತ್ತವೆ, ಯಾಕೆಂದರೆ ದಾಖಲೆ, ಸಾಕ್ಷಿ ಎಲ್ಲ ಅಲ್ಲೇ ಇರುತ್ತವೆ. ನಮ್ಮ ಹೈಕೋರ್ಟಿಗೂ ಧಾರವಾಡ, ಕಲಬುರಗಿಯಲ್ಲಿ ಪೀಠಗಳಿವೆ ಅಲ್ವಾ, ಯಾವ ಜಿಲ್ಲೆಯ ಕೇಸು ಎಲ್ಲಿಗೆ ಅಂತ ನೋಡಿಯೇ ಹಾಕಬೇಕು ಎಂದು ಹೋಲಿಸಿ ಹೇಳಿದಾಗ ನನಗೆ ಪೂರ್ತಿ ತಿಳಿಯಿತು.

ಇನ್ನೊಂದು ತಪ್ಪೂ ಸಿಕ್ಕಿತು. ಎದುರು ಪಕ್ಷ ಅಂತ "ಕ್ಯಾಲಿಫೋರ್ನಿಯಾ ರಾಜ್ಯ" ಎಂದು ಬರೆದಿದ್ದರು. ಅಲ್ಲಿ ಬರಬೇಕಾಗಿದ್ದು ಅವನನ್ನು ಇಟ್ಟಿರುವ ಜೈಲಿನ ವಾರ್ಡನ್, ಅಂದರೆ ಜೈಲಿನ ಮುಖ್ಯಸ್ಥರ ಹೆಸರು.

ತಪ್ಪು ಕೋರ್ಟಿಗೆ ಹೋದರೆ ವರ್ಗಾವಣೆ ಆಗಬಹುದು, ವಜಾನೂ ಆಗಬಹುದು. ಅದು ಸಣ್ಣ ವಿಷಯ ಅಲ್ಲ. 1996ರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ತೀರ್ಪು ಅಂತಿಮವಾದ ಮೇಲೆ ಇರುವುದು ಒಂದೇ ವರ್ಷ. ವಜಾ ಆಗಿ ಬರುವಷ್ಟರಲ್ಲಿ ಆ ವರ್ಷ ಮುಗಿದರೆ ಹುಡುಗನ ಗತಿ ಏನು? ಜೈಲಿನ ಅಂಚೆ ವ್ಯವಸ್ಥೆಗೆ ಕೈದಿ ಅರ್ಜಿ ಕೊಟ್ಟ ದಿನವನ್ನೇ ಸಲ್ಲಿಸಿದ ದಿನ ಅಂತ ಲೆಕ್ಕ ಹಾಕುತ್ತಾರೆ ಎಂಬುದನ್ನೂ ಇವರೇ ಹೇಳಿದರು. ಅದನ್ನು ಕೇಳಿದ ದಿನ ರಾತ್ರಿ ಅಕ್ಕ ನಿದ್ದೆ ಮಾಡಿದಳು.

ಅರ್ಜಿಯ ಫಾರಂ ಅಲ್ಲಿಯ ಕೋರ್ಟಿನ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಫೀಸು ಬರೀ 5 ಡಾಲರ್, ಅದೂ ಇಲ್ಲದವರು ಮನ್ನಾ ಕೇಳಬಹುದು. ನಾವು ಕೊಟ್ಟ ನಲವತ್ತು ಸಾವಿರ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಈ ವಕೀಲರು ಎರಡು ಗಂಟೆ ಕೂತು ಎರಡು ಸಾವಿರ ತೆಗೆದುಕೊಂಡರು, ಎರಡನೇ ಸಲ ಹೋದಾಗ ಬೇಡ ಅಂದರು.

ತೊಂದರೆಗಳೂ ಇವೆ. ಲಿಫ್ಟ್ ಇಲ್ಲ, ಅಕ್ಕನನ್ನು ಕೈ ಹಿಡಿದು ಹತ್ತಿಸಬೇಕಾಯಿತು. ಕೋರ್ಟ್ ಇರುವ ಹೊತ್ತಿನಲ್ಲಿ ಫೋನ್ ಎತ್ತುವುದಿಲ್ಲ, ಗುಮಾಸ್ತರು ಹೇಳಿದ ಸಮಯಕ್ಕಿಂತ ಒಂದು ಗಂಟೆ ಜಾಸ್ತಿ ಕಾಯಿಸಿದರು. ನಾಲ್ಕೂವರೆ ಸ್ಟಾರ್ ಕೊಡುತ್ತೇನೆ.

ಇಂಥ ಕೇಸಿಗೆ ಯಾರ ಹತ್ತಿರ ಹೋದರೂ ತೀರ್ಪಿನ ಪ್ರತಿ, ಅಪೀಲಿನ ಆದೇಶಗಳು, ಜೈಲಿನಿಂದ ಬಂದ ಕೊನೆಯ ಕಾಗದದ ಲಕೋಟೆ, ಮೂರನ್ನೂ ಒಯ್ಯಿರಿ. ನಾನು ಲಕೋಟೆಯನ್ನು ಸುಮ್ನೆ ಬಿಸಾಡುವುದರಲ್ಲಿದ್ದೆ. ಹುಡುಗ ಈಗ ಯಾವ ಜೈಲಿನಲ್ಲಿದ್ದಾನೆ ಅಂತ ಇವರು ನೋಡಿದ್ದು ಅದರ ಮೂಲೆಯಲ್ಲಿದ್ದ ವಿಳಾಸದಿಂದಲೇ.