ಬುಡಾಪೆಸ್ಟ್‌ನ ಮೂರು ಸ್ನಾನಗೃಹಗಳು: ಐದು ತಿಂಗಳು ಮಿಂದು ಕಂಡದ್ದು

ಕಚೇರಿಯ ಕೆಲಸಕ್ಕೆಂದು ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ ನಾನು ಬುಡಾಪೆಸ್ಟ್‌ನಲ್ಲಿದ್ದೆ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಕೆಲಸ ಮುಗಿಸಿ ಹೊರಗೆ ಬಂದರೆ ಕತ್ತಲು, ಮೈ ಕೊರೆಯುವ ಗಾಳಿ, ಮುಂದೆ ಉದ್ದನೆಯ ಸಂಜೆ. ಆ ಸಂಜೆಗಳನ್ನು ಬಿಸಿನೀರಿನ ಸ್ನಾನಗೃಹಗಳಲ್ಲಿ ಕಳೆದೆ. ಆ ಊರಿಗೆ ಹೊರಟವರೆಲ್ಲ ಸೇಚೆನ್ಯಿಗೆ ಹೋಗಬೇಕೋ, ರುದಾಶ್‌ಗೋ, ಲುಕಾಚ್‌ಗೋ ಎಂದು ಕೇಳುತ್ತಾರೆ. ಮೂರರಲ್ಲೂ ಮತ್ತೆ ಮತ್ತೆ ಮಿಂದಿದ್ದೇನೆ. ಗೆಲ್ಲೆರ್ತ್ ಎಂಬ ಇನ್ನೊಂದು ಸ್ನಾನಗೃಹಕ್ಕೆ ಹೋಗಲಾಗಲಿಲ್ಲ, ಹಾಗಾಗಿ ಅದರ ಮಾತು ಇಲ್ಲಿ ಬರುವುದಿಲ್ಲ.

ಮೊದಲು ನೀರಿನ ವಿಚಾರ ಹೇಳಿಬಿಡುತ್ತೇನೆ, ಏಕೆಂದರೆ ಮೂರೂ ಕಡೆ ಇರುವುದು ಒಂದೇ ನೀರಲ್ಲ. ಡ್ಯಾನ್ಯೂಬ್ ನದಿಯ ಪಶ್ಚಿಮಕ್ಕೆ ಬುಡಾದ ಸುಣ್ಣಕಲ್ಲಿನ ಗುಡ್ಡಗಳಿವೆ, ಪೂರ್ವಕ್ಕೆ ಪೆಸ್ಟ್‌ನ ಬಯಲು. ಗುಡ್ಡಗಳ ಮೇಲೆ ಸುರಿದ ಮಳೆ ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿದು, ಭೂಮಿಯ ಒಡಲಲ್ಲಿ ಕಾದು, ನದಿಯ ಗುಂಟ ಮತ್ತೆ ಮೇಲೇಳುತ್ತದೆ. ರುದಾಶ್ ಮತ್ತು ಲುಕಾಚ್ ಬುಡಾದ ಕಡೆ, ತಾನಾಗಿ ಉಕ್ಕುವ ಬುಗ್ಗೆಗಳ ಮಗ್ಗುಲಲ್ಲೇ ಹುಟ್ಟಿಕೊಂಡವು. ಸೇಚೆನ್ಯಿ ಪೆಸ್ಟ್‌ನಲ್ಲಿದೆ. ಅದರ ನೀರನ್ನು ಸಾವಿರ ಮೀಟರಿಗೂ ಹೆಚ್ಚು ಆಳ ಕೊರೆದು ತೆಗೆದದ್ದು. ಮೇಲೆ ಬರುವಾಗ ಅದು 70 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ, ತಣಿಸಿ ಕೊಳಕ್ಕೆ ಬಿಡುತ್ತಾರೆ.

ಸೇಚೆನ್ಯಿಗೆ ಹೋಗುವುದು ಸುಲಭ. 1896ರಲ್ಲಿ ಆರಂಭವಾದ ಹಳೆಯ ಸುರಂಗ ರೈಲಿನಲ್ಲಿ ಕುಳಿತರೆ ಅದರ ಬಾಗಿಲಿಗೇ ತಂದು ಇಳಿಸುತ್ತದೆ. 1913ರ ಕಟ್ಟಡ, ಅರಮನೆಯಂತಹ ಹಳದಿ ಗೋಡೆಗಳು, ಒಳಗೆ ಹೊರಗೆ ಸೇರಿ ಹದಿನೆಂಟು ಕೊಳಗಳು. ಇದರ ಜೀವ ಇರುವುದು ಬಯಲಿನ ಕೊಳಗಳಲ್ಲಿ. ಹಿಮ ಬೀಳುವಾಗ ಕತ್ತಿನವರೆಗೆ ಬಿಸಿನೀರಿನಲ್ಲಿ ನಿಂತರೆ ಕೂದಲ ತುದಿ ಗಡುಸಾಗುತ್ತದೆ, ಎದುರಿಗಿರುವವರು ಹಬೆಯಲ್ಲಿ ಕಾಣುವುದೇ ಇಲ್ಲ. ಚದುರಂಗದ ಹಲಗೆಯ ಎರಡೂ ಬದಿ ನೀರಿನಲ್ಲೇ ನಿಂತು ಆಡುತ್ತಿದ್ದ ಇಬ್ಬರು ಹಿರಿಯರನ್ನು ಒಂದು ಮುಂಜಾನೆ ಬಹಳ ಹೊತ್ತು ನೋಡಿದೆ. ಒಬ್ಬರು ಕುದುರೆಯನ್ನು ಎತ್ತಿ, ಅದರಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ ಗಾಳಿಯಲ್ಲಿ ಹಿಡಿದು ಯೋಚಿಸುತ್ತಿದ್ದರು. ಇನ್ನೊಬ್ಬರು ಅವಸರ ಮಾಡಲಿಲ್ಲ. ಆ ನೋಟಕ್ಕಾಗಿಯಾದರೂ ಒಮ್ಮೆ ಹೋಗಲೇಬೇಕು. ಆದರೆ ಅದು ಲೋಕವೆಲ್ಲ ಬರುವ ಜಾಗ. ಶನಿವಾರದ ಮಧ್ಯಾಹ್ನ ಅದು ಜಾತ್ರೆ. ಟಿಕೆಟ್ಟೂ ಮೂರರಲ್ಲಿ ಅದರದೇ ದುಬಾರಿ, ಹಂಗೇರಿಯ ಹಣದಲ್ಲಿ ಹತ್ತು ಸಾವಿರ ಫೋರಿಂಟ್ ದಾಟುತ್ತದೆ. ನಾಲ್ಕು ದಿನಕ್ಕೆ ಬಂದವರಿಗೆ ಅದು ಹೊರೆಯಲ್ಲ, ವಾರಕ್ಕೆರಡು ಸಲ ಹೋಗುವವರಿಗೆ ಖಂಡಿತ ಹೊರೆ. ಊರಿಂದ ನೆಂಟರು ಬಂದಾಗಲೆಲ್ಲ ಅಲ್ಲಿಗೆ ಕರೆದೊಯ್ದೆ, ಒಬ್ಬಳೇ ಹೋದದ್ದು ಎರಡೇ ಸಲ.

ರುದಾಶ್‌ನ ಮಾತೇ ಬೇರೆ. ಎರ್ಜೆಬೆತ್ ಸೇತುವೆಯ ಬುಡದಲ್ಲಿ, ಗೆಲ್ಲೆರ್ತ್ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತ ಈ ಕಟ್ಟಡದ ನಡುಭಾಗ ಹದಿನಾರನೆಯ ಶತಮಾನದ್ದು, ಟರ್ಕಿಯವರು ಊರನ್ನು ಆಳುತ್ತಿದ್ದಾಗ ಕಟ್ಟಿದ್ದು. ಎಂಟು ಕಂಬಗಳ ಮೇಲೆ ಗುಮ್ಮಟ, ಅದರಡಿ ಎಂಟು ಮೂಲೆಯ ಕೊಳ, ನೀರು 36 ಡಿಗ್ರಿ. ಸುತ್ತಲ ನಾಲ್ಕು ಮೂಲೆಗಳಲ್ಲಿ 28, 30, 33 ಮತ್ತು 42 ಡಿಗ್ರಿಯ ಸಣ್ಣ ಕೊಳಗಳು. ಗುಮ್ಮಟದಲ್ಲಿ ಕೊರೆದ ಕಿಂಡಿಗಳಿಂದ ಹಗಲಿನ ಬೆಳಕು ಕೋಲುಗಳಂತೆ ಇಳಿದು ನೀರಿನ ಮೇಲೆ ನಿಲ್ಲುತ್ತದೆ. ಮೊದಲ ದಿನ ನೇರವಾಗಿ 42ಕ್ಕೆ ಇಳಿದು ಎದ್ದಾಗ ಕಣ್ಣು ಕತ್ತಲೆ ಬಂದಿತ್ತು. ಆಮೇಲೆ ಕ್ರಮ ಕಲಿತೆ: ಮೊದಲು 30, ಹತ್ತು ನಿಮಿಷ 36, ಒಂದೆರಡು ನಿಮಿಷವಷ್ಟೇ 42, ಮತ್ತೆ 28. ನಾಲ್ಕನೆಯ ಸುತ್ತಿಗೆ ದಿನವಿಡೀ ಕುರ್ಚಿಯಲ್ಲಿ ಕುಳಿತ ಸೊಂಟ ಬಿಗಿ ಬಿಟ್ಟಿರುತ್ತಿತ್ತು.

ಈ ಗುಮ್ಮಟದ ಭಾಗಕ್ಕೆ ದಶಕಗಳ ಕಾಲ ಗಂಡಸರಿಗಷ್ಟೇ ಪ್ರವೇಶವಿತ್ತು. ನಾನಿದ್ದಾಗ ಮಂಗಳವಾರ ಹೆಂಗಸರ ದಿನ. ಹೆಂಗಸರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಸಾಧ್ಯವಾದರೆ ಮಂಗಳವಾರವೇ ಹೋಗಿ. ಇಪ್ಪತ್ತರ ಹುಡುಗಿಯಿಂದ ಎಂಬತ್ತರ ಅಜ್ಜಿಯವರೆಗೆ ಎಲ್ಲರೂ ಮೈಯ ಸಂಕೋಚ ಬಿಟ್ಟು, ಪಿಸುಮಾತಿನಲ್ಲಿ ಹರಟುತ್ತಾ, ಕಾಲು ಚಾಚಿ ಕುಳಿತಿರುತ್ತಾರೆ. ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ. ಪರದೇಶದಲ್ಲಿ ಅಷ್ಟು ನಿರಾಳವಾಗಿ ನಾನು ಬೇರೆಲ್ಲೂ ಇರಲಿಲ್ಲ. ಮಾಳಿಗೆಯ ಮೇಲಿನ ಕೊಳದಿಂದ ರಾತ್ರಿಯ ಡ್ಯಾನ್ಯೂಬ್ ಕಾಣುತ್ತದೆ. ಚೆಂದವೇ, ಆದರೂ ನನ್ನ ಮನಸ್ಸು ಗುಮ್ಮಟದಡಿಯಲ್ಲೇ ಇರುತ್ತಿತ್ತು.

ಹಾಗಿದ್ದರೆ ರುದಾಶೇ ಮೇಲಲ್ಲವೇ? ನೋಟಕ್ಕೆ, ನೀರಿಗೆ ಹೌದು. ಆದರೂ ನನ್ನ ಹೆಚ್ಚಿನ ಸಂಜೆಗಳು ಹೋದದ್ದು ಲುಕಾಚ್‌ಗೆ. ರುದಾಶ್ ಮುಂದೆ ಹಾಯುವ 19ನೆಯ ನಂಬರಿನ ಟ್ರಾಮ್ ಉತ್ತರಕ್ಕೆ ಹೋಗಿ ಇದರ ಮುಂದೆಯೂ ನಿಲ್ಲುತ್ತದೆ. ಹೊರಗಿನಿಂದ ಹಳೆಯ ಆಸ್ಪತ್ರೆಯಂತೆ ಕಾಣುತ್ತದೆ, ಇಂದಿಗೂ ವೈದ್ಯರ ಚೀಟಿ ಹಿಡಿದು ಬರುವವರಿದ್ದಾರೆ. ಅಂಗಳದಲ್ಲಿ ದೊಡ್ಡ ಮರಗಳು, ಗೋಡೆಯ ತುಂಬ ಸಣ್ಣ ಅಮೃತಶಿಲೆಯ ಫಲಕಗಳು. ಇಲ್ಲಿ ಮಿಂದು ಗುಣವಾದವರು ಹಾಕಿಸಿದ ಕೃತಜ್ಞತೆಯ ಫಲಕಗಳವು, ಬೇರೆ ಬೇರೆ ಭಾಷೆಗಳಲ್ಲಿ. ಹಂಗೇರಿಯನ್ ಭಾಷೆಯಲ್ಲಿ ನಾನು ಮೊದಲು ಓದಲು ಕಲಿತ ಪದ ‘ಹಾಲಾ’, ಕೃತಜ್ಞತೆ. ಒಂದು ಫಲಕದ ಅಕ್ಷರಗಳು ಸವೆದು ಹೋಗಿದ್ದವು, ಬೆರಳಿಟ್ಟು ತಡವಿದರೆ ಮಾತ್ರ ಆ ಪದ ಸಿಗುತ್ತಿತ್ತು.

ಒಳಗಿನ ಕೊಳಗಳು ಸಣ್ಣವು, ಅಲಂಕಾರವಿಲ್ಲದವು. ಈಜುಕೊಳಕ್ಕೆ ಇಳಿಯಲು ಟೋಪಿ ಕಡ್ಡಾಯ, ಮರೆಯಬೇಡಿ. ಟಿಕೆಟ್ಟು ಸೇಚೆನ್ಯಿಗಿಂತ ಸಾಕಷ್ಟು ಅಗ್ಗ. ಎಲ್ಲಕ್ಕಿಂತ ಹೆಚ್ಚಾಗಿ, ಇಲ್ಲಿಗೆ ಬರುವವರು ಊರಿನವರೇ, ಪ್ರತಿದಿನ ಅದೇ ಹೊತ್ತಿಗೆ ಬರುತ್ತಾರೆ. ಮೂರನೆಯ ವಾರಕ್ಕೆ ಅವರು ತಲೆಯಾಡಿಸತೊಡಗಿದರು. ಐದನೆಯ ವಾರಕ್ಕೆ ಒಬ್ಬ ಅಜ್ಜಿ, ನಾನು ಬಿಸಿ ಕೊಳದಲ್ಲಿ ಮೈಮರೆತು ಕುಳಿತದ್ದನ್ನು ಕಂಡು, ಗೋಡೆಯ ಗಡಿಯಾರವನ್ನು ತೋರಿಸಿ ಎರಡು ಸಲ ಹತ್ತು ಬೆರಳು ಬಿಡಿಸಿದರು: ಇಪ್ಪತ್ತು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಒಂಟಿಯಾಗಿ ಪರದೇಶದಲ್ಲಿದ್ದವಳಿಗೆ ಹೀಗೆ ಗದರುವವರು ಸಿಕ್ಕರೆ ಎಷ್ಟು ಸಮಾಧಾನವಾಗುತ್ತದೆ ಎಂದು ಆ ದಿನ ತಿಳಿಯಿತು.

ಒಂದು ವಾರಕ್ಕೆ ಹೋಗುವವರಾದರೆ ಮುಂಜಾನೆ ಬೇಗ ಸೇಚೆನ್ಯಿಗೆ ಹೋಗಿ, ಒಂದು ಸಂಜೆ ರುದಾಶ್‌ಗೆ ಕೊಡಿ. ತಿಂಗಳುಗಟ್ಟಲೆ ಇರುವವರು ಮೊದಲ ವಾರದಲ್ಲೇ ಲುಕಾಚ್ ಹಿಡಿಯಿರಿ, ಹೊತ್ತು ಬದಲಿಸಬೇಡಿ. ಫೆಬ್ರುವರಿಯ ಕೊನೆಯ ಗುರುವಾರ ಆ ಅಜ್ಜಿಗೆ ನಾನು ಹೊರಡುವ ವಿಷಯವನ್ನು ಕೈಸನ್ನೆಯಲ್ಲೇ ಹೇಳಿದೆ. ಅವರು ಒದ್ದೆ ಕೈಯಿಂದ ನನ್ನ ಕೆನ್ನೆ ತಟ್ಟಿ, ಮತ್ತೆ ಗಡಿಯಾರ ತೋರಿಸಿದರು. ಹದಿನೆಂಟು ನಿಮಿಷವಾಗಿತ್ತು.